ಮುಕ್ತ ತಂತ್ರಾಂಶದ ದಾಖಲೀಕರಣ ಜಾಲತಾಣ: ಯೋಜನೆಯ ಸ್ವರೂಪ ಮತ್ತು ಪಾಲನೆಯ ಹೊಣೆ

1. ಪೀಠಿಕೆ

ಒಂದು ತಂತ್ರಾಂಶವನ್ನು ಗಣಕದಲ್ಲಿ ಸ್ಥಾಪಿಸುವುದು ಹೇಗೆ, ಬಳಸುವುದು ಹೇಗೆ, ಅದರ ಒಂದೊಂದು ಆದೇಶದ ಅರ್ಥವೇನು, ಅದು ಹೀಗೆಯೇ ಏಕೆ ರಚಿತವಾಗಿದೆ ಎಂಬುದನ್ನು ತಿಳಿಸುವ ಬರಹಗಳ ಸಮುದಾಯವನ್ನು ದಾಖಲೀಕರಣ ಎಂದು ಕರೆಯಲಾಗುತ್ತದೆ. ವಾಣಿಜ್ಯ ತಂತ್ರಾಂಶಗಳಲ್ಲಿ ಈ ಕೆಲಸಕ್ಕೆಂದೇ ವೇತನ ಪಡೆಯುವ ಬರಹಗಾರರಿರುವುದು ರೂಢಿ. ಆಕರ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟು, ಹಲವು ದೇಶಗಳ ಸ್ವಯಂಸೇವಕರು ಕೂಡಿ ಕಟ್ಟುವ ಮುಕ್ತ ತಂತ್ರಾಂಶಗಳಲ್ಲಿ ಇದು ಬಹುಮಟ್ಟಿಗೆ ಯಾರ ಪಾಲಿಗೂ ಬಾರದೆ ಉಳಿಯುವ ಕೆಲಸ. ಗಿಟ್‌ಹಬ್ ಸಂಸ್ಥೆಯು 2017ರಲ್ಲಿ ನಡೆಸಿದ ಮುಕ್ತ ಆಕರ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇ. 93ರಷ್ಟು ಜನ ಅಪೂರ್ಣವಾದ ಅಥವಾ ಹಳತಾದ ದಾಖಲೀಕರಣವನ್ನು ತಾವು ಕಂಡ ಸಮಸ್ಯೆಯೆಂದು ಹೇಳಿದರು. ಅದೇ ಸಮೀಕ್ಷೆಯಲ್ಲಿ, ಮುಕ್ತ ತಂತ್ರಾಂಶಗಳಿಗೆ ಕೊಡುಗೆ ನೀಡುವವರಲ್ಲಿ ಶೇ. 60ರಷ್ಟು ಜನ ತಾವು ದಾಖಲೀಕರಣಕ್ಕೆ ಅಪರೂಪವಾಗಿ ಕೊಡುಗೆ ನೀಡುವುದಾಗಿ, ಇಲ್ಲವೇ ನೀಡುವುದೇ ಇಲ್ಲವೆಂದು ತಿಳಿಸಿದರು. ಎಲ್ಲರೂ ಕೊರತೆಯೆಂದು ಒಪ್ಪುವುದನ್ನು ತುಂಬಿಕೊಡಲು ಹೆಚ್ಚಿನವರು ಮುಂದಾಗುವುದಿಲ್ಲ ಎಂಬುದು ಈ ಎರಡು ಅಂಕಿಗಳ ತಾತ್ಪರ್ಯ.

ಈ ಕೊರತೆಯನ್ನು ನೀಗಿಸಲು ಯೋಜನೆಗಳು ಸಾಮಾನ್ಯವಾಗಿ ಹಿಡಿಯುವ ದಾರಿ, ಹೊಸದೊಂದು ದಾಖಲೀಕರಣ ಜಾಲತಾಣವನ್ನು ರೂಪಿಸುವುದು. ಪುಟವಿನ್ಯಾಸ ಹೇಗಿರಬೇಕು, ಯಾವ ಉಪಕರಣ ಬಳಸಬೇಕು, ಯಾವ ಅಧ್ಯಾಯಗಳು ಬೇಕು ಎಂಬ ಚರ್ಚೆಗಳು ಉತ್ಸಾಹದಿಂದ ನಡೆಯುತ್ತವೆ, ತಾಣವೂ ಸಿದ್ಧವಾಗುತ್ತದೆ. ಎರಡು ಮೂರು ವರ್ಷಗಳಲ್ಲಿ ಅದು ಮತ್ತೆ ಹಳತಾಗಿ, ಇನ್ನೊಂದು ಹೊಸ ತಾಣದ ಚರ್ಚೆ ಆರಂಭವಾಗುತ್ತದೆ. ಹೀಗೇಕಾಗುತ್ತದೆ ಎಂಬುದನ್ನು ಕೆಲವು ಪ್ರಸಿದ್ಧ ಯೋಜನೆಗಳ, ಮುಖ್ಯವಾಗಿ ಪೈಥಾನ್ ಕ್ರಮವಿಧಿ ಭಾಷೆಯ, ದಾಖಲೀಕರಣದ ಇತಿಹಾಸದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ದಾಖಲೀಕರಣ ತಾಣದ ಯೋಜನೆಯೆಂದರೆ ಪುಟಗಳ ಯೋಜನೆಯಲ್ಲ, ಪಾಲನೆಯ ಯೋಜನೆ. ಏನನ್ನು ಬರೆಯಬೇಕು ಎಂಬುದಕ್ಕಿಂತ ಮೊದಲು, ಬರೆದುದನ್ನು ಸತ್ಯವಾಗಿ ಉಳಿಸುವವರು ಯಾರು ಎಂಬ ಪ್ರಶ್ನೆ ಇತ್ಯರ್ಥವಾಗಬೇಕು ಎಂಬುದು ಇಲ್ಲಿನ ಪ್ರತಿಪಾದನೆ.

2. ಕೈಪಿಡಿಯ ಪರಂಪರೆ

ತಂತ್ರಾಂಶ ದಾಖಲೀಕರಣದ ಚರಿತ್ರೆಯಲ್ಲಿ ಯುನಿಕ್ಸ್ ಕಾರ್ಯವ್ಯವಸ್ಥೆಯ ಕೈಪಿಡಿಗೆ ವಿಶೇಷ ಸ್ಥಾನವಿದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಸಿದ್ಧಪಡಿಸಿದ ಇದರ ಮೊದಲ ಆವೃತ್ತಿ 1971ರ ನವೆಂಬರ್ 3ರ ದಿನಾಂಕವನ್ನು ಹೊತ್ತಿದೆ. ಒಂದೊಂದು ಆದೇಶಕ್ಕೂ ಒಂದೊಂದು ನಮೂದು. ಪ್ರತಿ ನಮೂದಿನಲ್ಲಿಯೂ ಗೊತ್ತಾದ ಕ್ರಮದಲ್ಲಿ ಬರುವ ಉಪಶೀರ್ಷಿಕೆಗಳು: ಹೆಸರು, ಬಳಕೆಯ ರೂಪ, ವಿವರಣೆ, ಸಂಬಂಧಪಟ್ಟ ಕಡತಗಳು, ಇವನ್ನೂ ನೋಡಿ, ದೋಷಸೂಚನೆಗಳು, ದೋಷಗಳು, ಒಡೆಯ. ಈ ಪಟ್ಟಿಯ ಕೊನೆಯ ಎರಡು ಅಂಶಗಳು ಗಮನಾರ್ಹ. ತಮ್ಮ ಕೃತಿಯಲ್ಲಿರುವ ಕೊರತೆಯನ್ನು ತಾವೇ ಒಪ್ಪಿಕೊಳ್ಳಲು ರಚಕರು ಪುಟದಲ್ಲಿ ಶಾಶ್ವತವಾದ ಸ್ಥಳವೊಂದನ್ನು ಕಾದಿರಿಸಿದ್ದರು. ಆ ಆದೇಶಕ್ಕೆ ಹೊಣೆಯಾದವರು ಯಾರೆಂಬುದನ್ನೂ ಅಲ್ಲಿಯೇ ಸೂಚಿಸಿದ್ದರು. ಮುಂದಿನ ಆವೃತ್ತಿಗಳಲ್ಲಿ ‘ದೋಷಗಳು’ ಎಂಬ ಶೀರ್ಷಿಕೆ ಉಳಿದು ಬಂದಿತು. ‘ಒಡೆಯ’ ಎಂಬುದು ಮರೆಯಾಯಿತು. ಇಂದಿನ ಅನೇಕ ದಾಖಲೀಕರಣ ತಾಣಗಳ ಸಂಕಷ್ಟವನ್ನು ಈ ಮರೆಯಾದ ಶೀರ್ಷಿಕೆಯ ಮೂಲಕವೇ ಅರ್ಥೈಸಬಹುದಾಗಿದೆ.

ಕನ್ನಡದ ಶಾಸ್ತ್ರಗ್ರಂಥಗಳ ಅಭ್ಯಾಸಿಗಳಿಗೆ ಇಂತಹ ಕಟ್ಟುನಿಟ್ಟಾದ ರಚನೆ ಅಪರಿಚಿತವಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಕಂದಪದ್ಯದ ಸೂತ್ರ, ಅದಕ್ಕೆ ಗದ್ಯದ ವೃತ್ತಿ, ಅನಂತರ ಪೂರ್ವಕವಿಗಳ ಪ್ರಯೋಗ ಎಂಬ ಕ್ರಮವಿದೆ. 1604ರ ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’ದಲ್ಲಿ ಸೂತ್ರಗಳಿಗೆ ವೃತ್ತಿ, ವೃತ್ತಿಗೆ ವ್ಯಾಖ್ಯಾನ ಎಂಬ ಸ್ತರಗಳಿವೆ. ನೆನಪಿನಲ್ಲಿಡುವುದಕ್ಕೆ ಒಂದು ರೂಪ, ಅರಿಯುವುದಕ್ಕೆ ಇನ್ನೊಂದು, ಬಳಸುವುದಕ್ಕೆ ಮತ್ತೊಂದು ಎಂಬ ವಿವೇಕ ಇದರ ಹಿಂದಿದೆ. ಆದರೆ ಈ ಹೋಲಿಕೆಗೆ ಒಂದು ಮಿತಿಯುಂಟು. ವ್ಯಾಕರಣವು ವಿವರಿಸುವ ಭಾಷೆ ಬದಲಾಗಲು ತಲೆಮಾರುಗಳು ಬೇಕು. ಪೈಥಾನ್ ಭಾಷೆಯ ಹೊಸ ಆವೃತ್ತಿಯಾದರೋ 2020ರಿಂದೀಚೆಗೆ ವರ್ಷಕ್ಕೊಂದರಂತೆ ಬರುತ್ತಿದೆ. ಬರಹ ಮುಗಿಯುವ ಮೊದಲೇ ಬರಹದ ವಸ್ತು ಬದಲಾಗಬಲ್ಲದು ಎಂಬುದೇ ತಂತ್ರಾಂಶ ದಾಖಲೀಕರಣವನ್ನು ಇತರ ಶಾಸ್ತ್ರಬರಹಗಳಿಂದ ಬೇರ್ಪಡಿಸುವ ಲಕ್ಷಣ.

3. ಓದುಗರ ನಾಲ್ಕು ಸಂದರ್ಭಗಳು

ತಾಣದ ರಚನೆಯನ್ನು ನಿರ್ಧರಿಸುವಾಗ ತಂತ್ರಾಂಶದ ಒಳರಚನೆಯನ್ನೇ ಅಧ್ಯಾಯಗಳಿಗೆ ಆಧಾರವಾಗಿ ಹಿಡಿಯುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಓದುಗನಿಗೆ ಒಳರಚನೆ ತಿಳಿದಿರುವುದಿಲ್ಲ. ತಿಳಿದಿದ್ದರೆ ಅವನು ಈ ತಾಣಕ್ಕೆ ಬರುತ್ತಲೂ ಇರಲಿಲ್ಲ. ಓದುಗನು ಯಾವ ಸಂದರ್ಭದಲ್ಲಿ ಬರುತ್ತಾನೆ ಎಂಬುದನ್ನು ಆಧರಿಸಿದ ವಿಂಗಡಣೆ ಇದಕ್ಕಿಂತ ಉಪಯುಕ್ತ. ಡೇನಿಯೆಲೆ ಪ್ರೊಚಿಡಾ ಅವರು ಪ್ರಚುರಪಡಿಸಿದ, ಈಗ ‘ಡಯಾಟ್ಯಾಕ್ಸಿಸ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಪದ್ಧತಿಯಲ್ಲಿ ಇಂತಹ ನಾಲ್ಕು ಬಗೆಗಳಿವೆ: ಪಾಠ, ಕಾರ್ಯವಿಧಾನ, ಪರಾಮರ್ಶನ ಮತ್ತು ವಿವರಣೆ. ಜಾಲತಾಣಗಳ ರಚನೆಗೆ ಬಳಕೆಯಾಗುವ ಜಾಂಗೋ ಎಂಬ ಮುಕ್ತ ತಂತ್ರಾಂಶವು ತನ್ನ ದಾಖಲೀಕರಣವನ್ನು ಇದೇ ರೀತಿ ನಾಲ್ಕಾಗಿ ವಿಂಗಡಿಸಿ, ಆ ವಿಂಗಡಣೆಯ ಅರ್ಥವನ್ನು ಮುಖಪುಟದಲ್ಲಿಯೇ ಓದುಗರಿಗೆ ತಿಳಿಸುತ್ತದೆ.

ಈ ಭೇದವನ್ನು ಒಂದೇ ವಿಷಯದ ಮೂಲಕ ಸ್ಪಷ್ಟಪಡಿಸಬಹುದು. ಕನ್ನಡ ಪಠ್ಯವಿರುವ ಕಡತವೊಂದನ್ನು ಪೈಥಾನ್ ಮೂಲಕ ಓದಬೇಕಾಗಿದೆ ಎಂದಿಟ್ಟುಕೊಳ್ಳೋಣ. ಇದುವರೆಗೆ ಕ್ರಮವಿಧಿಯನ್ನೇ ಬರೆಯದ ವಿದ್ಯಾರ್ಥಿಗೆ ಬೇಕಾದುದು ಪಾಠ: ಚಿಕ್ಕದೊಂದು ಕಡತ, ಅದನ್ನು ತೆರೆಯುವ ನಾಲ್ಕು ಸಾಲು, ತೆರೆಯ ಮೇಲೆ ಕಾಣಬೇಕಾದ ಫಲ. ಇಲ್ಲಿ ಆಯ್ಕೆಗಳನ್ನು ಮುಂದಿಡಬಾರದು. ಮೊದಲ ಯಶಸ್ಸು ದೊರೆಯುವಂತೆ ಕೈಹಿಡಿದು ನಡೆಸಬೇಕು. ಹಳಗನ್ನಡ ಕಾವ್ಯವೊಂದರ ಪದಸೂಚಿಯನ್ನು ಸಿದ್ಧಪಡಿಸುತ್ತಿರುವ ಸಂಶೋಧಕನಿಗೆ ಬೇಕಾದುದು ಕಾರ್ಯವಿಧಾನ: ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತಿದ್ದರೆ, ಕಡತವನ್ನು ತೆರೆಯುವಾಗಲೇ ಸಂಕೇತಪದ್ಧತಿ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಬೇಕೆಂಬ ನೇರವಾದ ಉತ್ತರ. ದಿನನಿತ್ಯ ಕ್ರಮವಿಧಿ ಬರೆಯುವವನಿಗೆ ಬೇಕಾದುದು ಪರಾಮರ್ಶನ: ಕಡತ ತೆರೆಯುವ ಆದೇಶ ಸ್ವೀಕರಿಸುವ ಎಲ್ಲ ಅಂಶಗಳ, ಅವುಗಳ ಪೂರ್ವನಿಗದಿತ ಬೆಲೆಗಳ, ಉಂಟಾಗಬಹುದಾದ ದೋಷಗಳ ಪೂರ್ಣ ಪಟ್ಟಿ. ಇದೆಲ್ಲ ಏಕೆ ಹೀಗೆ ಎಂದು ಕೇಳುವವನಿಗೆ ಬೇಕಾದುದು ವಿವರಣೆ: ಗಣಕ ಸಂಗ್ರಹಿಸುವುದು ಬೈಟುಗಳನ್ನು, ಮನುಷ್ಯ ಓದುವುದು ಅಕ್ಷರಗಳನ್ನು, ಈ ಎರಡರ ನಡುವಿನ ಗೊಂದಲವನ್ನು ಕಳೆಯಲೆಂದೇ ಪೈಥಾನ್ 3ರಲ್ಲಿ ಪಠ್ಯವನ್ನೂ ಬೈಟುಗಳನ್ನೂ ಬೇರೆ ಬೇರೆ ಬಗೆಗಳಾಗಿ ಮಾಡಲಾಯಿತು ಎಂಬ ಹಿನ್ನೆಲೆ.

ನಾಲ್ಕನ್ನೂ ಒಂದೇ ಪುಟದಲ್ಲಿ ಬೆರೆಸಿದರೆ ನಾಲ್ವರಿಗೂ ತೊಂದರೆ. ಪಾಠದ ನಡುವೆ ಹನ್ನೆರಡು ಆಯ್ಕೆಗಳ ಪಟ್ಟಿ ಎದುರಾದ ವಿದ್ಯಾರ್ಥಿ ಅಲ್ಲಿಯೇ ನಿಲ್ಲುತ್ತಾನೆ. ಒಂದು ಅಂಶವನ್ನು ಹುಡುಕಿ ಬಂದ ಅನುಭವಿಗೆ ಹಿನ್ನೆಲೆಯ ಪ್ರಬಂಧ ಅಡ್ಡಿಯಾಗುತ್ತದೆ. ಈ ವಿಂಗಡಣೆಗೆ ಪಾಲನೆಯ ದೃಷ್ಟಿಯಿಂದಲೂ ಮಹತ್ವವಿದೆ. ನಾಲ್ಕು ಬಗೆಯ ಬರಹಗಳು ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಪರಾಮರ್ಶನದ ಪುಟಗಳನ್ನು ಪ್ರತಿ ಬಿಡುಗಡೆಯಲ್ಲಿಯೂ ನೋಡಬೇಕು. ವಿವರಣೆಯ ಪುಟ ಹಲವು ವರ್ಷ ಬಾಳಬಹುದು. ಎಲ್ಲವೂ ಬೆರೆತಿದ್ದಾಗ ಒಂದು ಸಾಲು ಹಳತಾದರೂ ಇಡೀ ಪುಟದ ಮೇಲಿನ ನಂಬಿಕೆ ಹೋಗುತ್ತದೆ.

4. ಪೈಥಾನ್ ದಾಖಲೀಕರಣದ ಪರಿವರ್ತನೆ

ಪೈಥಾನ್ ಭಾಷೆಯ ದಾಖಲೀಕರಣವು ಆರಂಭದಿಂದಲೂ ಲೇಟೆಕ್ ಎಂಬ ಮುದ್ರಣ ವ್ಯವಸ್ಥೆಯಲ್ಲಿ ಬರೆಯಲ್ಪಟ್ಟಿತ್ತು. 1990ರ ದಶಕದ ಮೊದಲ ಭಾಗದಲ್ಲಿ ಕೈಪಿಡಿಯನ್ನು ಕಾಗದದ ಮೇಲೆ ಮುದ್ರಿಸಿ ಓದುವುದು ರೂಢಿಯಾಗಿದ್ದುದರಿಂದ ಆ ಆಯ್ಕೆ ಸಹಜವಾಗಿತ್ತು. ಅಂತರ್ಜಾಲ ವ್ಯಾಪಕವಾದಂತೆ ಓದುಗರು ತೆರೆಯ ಮೇಲೆಯೇ ಓದತೊಡಗಿದರು. ಲೇಟೆಕ್ ಪಠ್ಯವನ್ನು ಜಾಲಪುಟಗಳಾಗಿ ಮಾರ್ಪಡಿಸುವ ಪ್ರಕ್ರಿಯೆ ಜಟಿಲವಾಗಿತ್ತು. ದೀರ್ಘಕಾಲ ದಾಖಲೀಕರಣದ ಸಂಪಾದಕರಾಗಿದ್ದ ಫ್ರೆಡ್ ಡ್ರೇಕ್ ಅವರ ಸಾಕಷ್ಟು ಸಮಯ ಈ ಮಾರ್ಪಾಡಿನ ನಿರ್ವಹಣೆಗೆ ವ್ಯಯವಾಗುತ್ತಿತ್ತು. ಬೇರೆ ವ್ಯವಸ್ಥೆಗೆ ಹೋಗಬೇಕೆಂಬ ಸಲಹೆಗಳು ಆಗಾಗ ಬಂದವು. ಆದರೆ ಅದನ್ನು ಪೂರ್ಣಗೊಳಿಸುವಷ್ಟು ಸಮಯವನ್ನು ಕೊಡಲು ಯಾರೂ ಮುಂದೆ ಬರಲಿಲ್ಲ.

2007ರಲ್ಲಿ ಗೇಯೋರ್ಗ್ ಬ್ರಾಂಡ್ಲ್ ಅವರು ಈ ಕೆಲಸವನ್ನು ಕೈಗೆತ್ತಿಕೊಂಡು, ಇಡೀ ಪಠ್ಯವನ್ನು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಸರಳ ಲಿಪಿರೂಪಕ್ಕೆ ಪರಿವರ್ತಿಸಿದರು. ಅದನ್ನು ಜಾಲಪುಟಗಳಾಗಿ ಹೊರತರಲು ಅವರು ರಚಿಸಿದ ಉಪಕರಣವೇ ಸ್ಫಿಂಕ್ಸ್. 2008ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಪೈಥಾನ್ 2.6 ಹೊಸ ರೂಪದ ದಾಖಲೀಕರಣದೊಂದಿಗೆ ಬಂದಿತು. ಸ್ಫಿಂಕ್ಸ್ ಮುಂದೆ ಪೈಥಾನ್ ಸಮುದಾಯದ ಗಡಿ ದಾಟಿತು. 2016ರಲ್ಲಿ ಲಿನಕ್ಸ್ ಕರ್ನಲ್‌ನ ದಾಖಲೀಕರಣವೂ ಅದಕ್ಕೆ ವರ್ಗಾವಣೆಯಾಗತೊಡಗಿತು.

ಈ ಪ್ರಸಂಗವನ್ನು ಉಪಕರಣದ ಗೆಲುವು ಎಂದು ಓದುವುದು ಸುಲಭ. ಸರಳ ಪಠ್ಯವನ್ನು ಯಾವ ಸಂಪಾದಕದಲ್ಲಿಯಾದರೂ ತೆರೆದು ತಿದ್ದಬಹುದಾಗಿದ್ದರಿಂದ, ಲೇಟೆಕ್ ಅರಿಯದವರೂ ತಪ್ಪು ತಿದ್ದಲು ಸಾಧ್ಯವಾಯಿತು ಎಂಬುದು ನಿಜ. ಆದರೆ ಉಪಕರಣದ ಮೌಲ್ಯವಿರುವುದು ಇಲ್ಲಿಯೇ: ತಿದ್ದಬಲ್ಲವರ ಸಂಖ್ಯೆಯನ್ನು ಅದು ಹೆಚ್ಚಿಸಿತು. ಹೊಸ ಜಾಲತಾಣಕ್ಕೆ ಉಪಕರಣವನ್ನು ಆರಿಸುವವರು ಕೇಳಬೇಕಾದ ಪ್ರಶ್ನೆಯೂ ಇದೇ. ಅಕ್ಷರದೋಷವೊಂದನ್ನು ಕಂಡ ಓದುಗ ಅದನ್ನು ಸರಿಪಡಿಸುವುದಕ್ಕೆ ಎಷ್ಟು ಮೆಟ್ಟಿಲು ಹತ್ತಬೇಕು?

ಪೈಥಾನ್ ವ್ಯವಸ್ಥೆಯ ಇತರ ಮೂರು ಅಂಶಗಳು ಪಾಲನೆಯ ದೃಷ್ಟಿಯಿಂದ ಇನ್ನೂ ಮುಖ್ಯವಾದವು. ಮೊದಲನೆಯದಾಗಿ, ದಾಖಲೀಕರಣದ ಪಠ್ಯವು ತಂತ್ರಾಂಶದ ಆಕರ ಸಂಕೇತವಿರುವ ಭಂಡಾರದಲ್ಲಿಯೇ ಇದೆ. ಆದೇಶವೊಂದನ್ನು ಬದಲಿಸುವವನು ಅದರ ವಿವರಣೆಯನ್ನೂ ಅದೇ ತಿದ್ದುಪಡಿಯಲ್ಲಿ ಬದಲಿಸಬಹುದು. ಬದಲಿಸದಿದ್ದರೆ ಪರಿಶೀಲಿಸುವವರು ಅದನ್ನು ಕೇಳಬಹುದು. ಎರಡನೆಯದಾಗಿ, ಯಾವ ಅಂಶ ಯಾವ ಆವೃತ್ತಿಯಲ್ಲಿ ಸೇರಿತು, ಯಾವಾಗ ಬದಲಾಯಿತು, ಯಾವುದನ್ನು ಬಳಕೆಯಿಂದ ಕೈಬಿಡಲಾಗುತ್ತಿದೆ ಎಂಬ ಸೂಚನೆಗಳಿಗೆ ನಿಗದಿತ ಗುರುತುಗಳಿವೆ. ಮೂರನೆಯದಾಗಿ, 2001ರಿಂದ ಪೈಥಾನ್‌ನಲ್ಲಿರುವ ಡಾಕ್‌ಟೆಸ್ಟ್ ಎಂಬ ಘಟಕವು ಬರಹದಲ್ಲಿ ಕೊಟ್ಟ ಉದಾಹರಣೆಗಳನ್ನು ನಡೆಸಿ, ಬರೆದ ಫಲವೂ ಬಂದ ಫಲವೂ ಒಂದೇ ಆಗಿವೆಯೇ ಎಂದು ಪರೀಕ್ಷಿಸಬಲ್ಲದು. ಕೇಶಿರಾಜನಿಗೆ ಪ್ರಯೋಗದ ಪ್ರಾಮಾಣ್ಯ ದೊರೆತುದು ಪೂರ್ವಕವಿಗಳಿಂದ. ಇಲ್ಲಿ ಅದನ್ನು ಪ್ರತಿಸಲವೂ ಯಂತ್ರದಿಂದಲೇ ಪಡೆಯಬೇಕಾಗಿದೆ.

5. ಹಳೆಯ ಪುಟಗಳ ಗತಿ

ಹಳತಾದ ಪುಟ ಕೇವಲ ಅನುಪಯುಕ್ತವಲ್ಲ, ಹಾನಿಕರ. 2008ರ ಡಿಸೆಂಬರ್‌ನಲ್ಲಿ ಹೊರಬಂದ ಪೈಥಾನ್ 3, ಹಿಂದಿನ ಆವೃತ್ತಿಗಿಂತ ಕೆಲವು ಮೂಲಭೂತ ವಿಷಯಗಳಲ್ಲಿ ಭಿನ್ನವಾಗಿತ್ತು. ತೆರೆಯ ಮೇಲೆ ಅಕ್ಷರಗಳನ್ನು ಮೂಡಿಸುವ ಪ್ರಿಂಟ್ ಎಂಬ ಆದೇಶವನ್ನು ಪೈಥಾನ್ 2ರಲ್ಲಿ ಆವರಣ ಚಿಹ್ನೆಗಳಿಲ್ಲದೆ ಬರೆಯಬಹುದಿತ್ತು. ಪೈಥಾನ್ 3ರಲ್ಲಿ ಹಾಗೆ ಬರೆದರೆ ಅದು ವ್ಯಾಕರಣ ದೋಷ. ಹಳೆಯ ಪಾಠವನ್ನು ಅಕ್ಷರಶಃ ಅನುಸರಿಸಿದ ಆರಂಭಿಕನಿಗೆ ಮೊದಲ ಸಾಲಿನಲ್ಲಿಯೇ ದೋಷಸೂಚನೆ ಎದುರಾಗುತ್ತದೆ. ತಪ್ಪಿರುವುದು ಪುಟದಲ್ಲಿ ಎಂದು ಊಹಿಸುವ ಸಾಮರ್ಥ್ಯ ಅವನಿಗೆ ಇನ್ನೂ ಬಂದಿರುವುದಿಲ್ಲ. ತನ್ನಲ್ಲಿಯೇ ತಪ್ಪಿದೆಯೆಂದು ಅವನು ಭಾವಿಸುತ್ತಾನೆ. ದಾಖಲೀಕರಣದ ಅಸತ್ಯಕ್ಕೆ ಬೆಲೆ ತೆರುವವನು ಅದನ್ನು ಪ್ರಶ್ನಿಸಲಾರದ ಓದುಗನೇ ಎಂಬುದು ಈ ಇಡೀ ಚರ್ಚೆಯ ನೈತಿಕ ತಿರುಳು.

ಪೈಥಾನ್ ಸಮುದಾಯವು ಈ ಸಮಸ್ಯೆಯನ್ನು ವಿಳಾಸಗಳ ಮಟ್ಟದಲ್ಲಿ ಎದುರಿಸಿತು. ಪೈಥಾನ್‌ನ ಪ್ರಸ್ತಾವಗಳ ಸರಣಿಯಲ್ಲಿ 430ನೆಯದು, ತಾಣದ ಮುಖಪುಟಕ್ಕೆ ಬಂದವರನ್ನು ಪೈಥಾನ್ 3ರ ಪುಟಗಳಿಗೆ ಕರೆದೊಯ್ಯುವ ವಿಧಾನವನ್ನು ನಿರೂಪಿಸಿತು. ಆದರೆ ಹೊರಗಿನ ಪುಸ್ತಕಗಳೂ ಲೇಖನಗಳೂ ಒಳಪುಟಗಳಿಗೆ ಕೊಟ್ಟಿದ್ದ ಹಳೆಯ ಕೊಂಡಿಗಳು ಪೈಥಾನ್ 2ರ ಪುಟಗಳಿಗೇ ಹೋಗುವಂತೆ ಅದು ನೋಡಿಕೊಂಡಿತು. ಏಕೆಂದರೆ ಆ ಕೊಂಡಿಗಳನ್ನು ಕೊಟ್ಟವರ ಮನಸ್ಸಿನಲ್ಲಿದ್ದುದು ಪೈಥಾನ್ 2. ವಿಳಾಸದಲ್ಲಿಯೇ ಆವೃತ್ತಿಯ ಅಂಕಿಯನ್ನು ಸೇರಿಸಿದ್ದರಿಂದ ಎರಡು ತಲೆಮಾರಿನ ಪಠ್ಯಗಳು ಪರಸ್ಪರ ಅಳಿಸದೆ ಬಾಳಿದವು. ಪೈಥಾನ್ 2ಕ್ಕೆ ದೊರೆಯುತ್ತಿದ್ದ ಬೆಂಬಲ 2020ರ ಜನವರಿ 1ರಂದು ಕೊನೆಗೊಂಡಿತು.

ವಿಶ್ವವ್ಯಾಪಿ ಜಾಲದ ಸೃಷ್ಟಿಕರ್ತ ಟಿಮ್ ಬರ್ನರ್ಸ್-ಲೀ ಅವರು ಜಾಲವಿಳಾಸಗಳು ಬದಲಾಗಬಾರದೆಂದು 1998ರಷ್ಟು ಹಿಂದೆಯೇ ವಾದಿಸಿದ್ದರು. ಹೊಸ ತಾಣವನ್ನು ಯೋಜಿಸುವವರು ಮೊದಲು ಕಡೆಗಣಿಸುವುದು ಇದನ್ನೇ. ಹೊಸ ರಚನೆಯ ಉತ್ಸಾಹದಲ್ಲಿ ಹಳೆಯ ವಿಳಾಸಗಳು ಮುರಿದಾಗ, ಹತ್ತಾರು ವರ್ಷಗಳಿಂದ ಬೇರೆಯವರು ಆ ತಂತ್ರಾಂಶದ ಬಗ್ಗೆ ಬರೆದುದೆಲ್ಲವೂ ಏಕಕಾಲದಲ್ಲಿ ದಾರಿ ತಪ್ಪಿಸುವ ಬರಹವಾಗುತ್ತದೆ.

6. ಎಲ್ಲರೂ ತಿದ್ದುವ ಪುಟ ಮತ್ತು ಪರಿಶೀಲನೆ

ಪಾಲನೆಯ ಸಮಸ್ಯೆಗೆ ವಿಕಿ ಮಾದರಿಯೇ ಪರಿಹಾರವೆಂದು 2000ದ ದಶಕದಲ್ಲಿ ಹಲವರು ನಂಬಿದ್ದರು. ಯಾರು ಬೇಕಾದರೂ ತಿದ್ದಬಹುದಾದರೆ ಪುಟಗಳು ತಾವಾಗಿ ಸರಿಯಾಗುತ್ತವೆ ಎಂಬುದು ಆ ನಂಬಿಕೆ. ಜಾಲತಂತ್ರಜ್ಞಾನಗಳ ಕುರಿತ ಪ್ರಸಿದ್ಧ ಆಕರವಾದ ಮೊಜಿಲ್ಲಾದ ಎಂಡಿಎನ್ ತಾಣವು 2005ರಿಂದ ಇದೇ ಮಾದರಿಯಲ್ಲಿ ಬೆಳೆದು, ಸಾವಿರಾರು ಪುಟಗಳ ಸಂಪತ್ತನ್ನು ಗಳಿಸಿತು. ಆದರೆ 2020ರ ಡಿಸೆಂಬರ್‌ನಲ್ಲಿ ಅದು ವಿಕಿಯನ್ನು ತೊರೆದು, ಪಠ್ಯವನ್ನು ಗಿಟ್ ಭಂಡಾರಕ್ಕೆ ಸಾಗಿಸಿತು. ಅಂದಿನಿಂದ ತಿದ್ದುಪಡಿಯು ಪ್ರಕಟವಾಗುವ ಮೊದಲು ಇನ್ನೊಬ್ಬರ ಪರಿಶೀಲನೆಗೆ ಒಳಗಾಗುತ್ತದೆ.

ವಿಕಿಯಲ್ಲಿ ತಿದ್ದುವುದು ಸುಲಭ. ತಿದ್ದಿದ್ದು ಸರಿಯೇ ಎಂದು ನೋಡುವ ಹೊಣೆ ಯಾರಿಗೂ ಸೇರಿದ್ದಲ್ಲ. ಭಂಡಾರದ ಮಾದರಿಯಲ್ಲಿ ತಿದ್ದುವುದು ತುಸು ಕಷ್ಟ; ಆದರೆ ಪ್ರತಿ ತಿದ್ದುಪಡಿಗೂ ಒಬ್ಬ ಓದುಗ ಖಚಿತ. ಇಲ್ಲಿಯೂ ಅಪಾಯವಿದೆ. ಪರಿಶೀಲಿಸುವವರು ಸಾಲದಿದ್ದರೆ ತಿದ್ದುಪಡಿಗಳು ತಿಂಗಳುಗಟ್ಟಲೆ ಕಾಯುತ್ತವೆ. ಒಮ್ಮೆ ಉತ್ತರ ಸಿಗದ ಹೊಸಬ ಮತ್ತೆ ಬರುವುದಿಲ್ಲ. ಆದ್ದರಿಂದ ಬರೆಯುವವರ ಸಂಖ್ಯೆಯನ್ನು ಅಂದಾಜು ಮಾಡುವ ಯೋಜನೆಯು ಪರಿಶೀಲಿಸುವವರ ಸಂಖ್ಯೆಯನ್ನೂ ಅಂದಾಜು ಮಾಡಬೇಕು. ಅನೇಕ ಯೋಜನೆಗಳಲ್ಲಿ ಇದೇ ನಿಜವಾದ ಮಿತಿ.

7. ಅನುವಾದ ಮತ್ತು ಕನ್ನಡದ ಪ್ರಶ್ನೆಗಳು

ಎಂಡಿಎನ್ ತಾಣದ ಪರಿವರ್ತನೆಯಲ್ಲಿ ಅನುವಾದಗಳ ಗತಿ ವಿಶೇಷವಾಗಿ ಚಿಂತನೀಯ. ಇಂಗ್ಲಿಷೇತರ ಪುಟಗಳನ್ನು ಮೊದಲು ತಿದ್ದಲಾಗದಂತೆ ಸ್ಥಗಿತಗೊಳಿಸಲಾಯಿತು. 2021ರಲ್ಲಿ ಸಕ್ರಿಯ ಅನುವಾದಕರಿದ್ದ ಫ್ರೆಂಚ್, ಜಪಾನೀ, ಚೀನೀ, ರಷ್ಯನ್ ಮೊದಲಾದ ಕೆಲವೇ ಭಾಷೆಗಳು ಮತ್ತೆ ತೆರೆದುಕೊಂಡವು. ಪಾಲಕರಿಲ್ಲದ ಭಾಷೆಗಳ ಪುಟಗಳನ್ನು ತಾಣದಿಂದ ತೆಗೆಯಲಾಯಿತು. ವರ್ಷಗಟ್ಟಲೆ ಹಳತಾದ ಅನುವಾದಕ್ಕಿಂತ ಸರಿಯಾದ ಇಂಗ್ಲಿಷ್ ಪುಟವೇ ಮೇಲು ಎಂಬ ಈ ನಿರ್ಣಯ ಕಠಿಣವಾದರೂ ತರ್ಕಬದ್ಧವಾದುದು. ಚಿಕ್ಕ ಸಮುದಾಯಗಳ ಅನುವಾದ ಕಾರ್ಯಕ್ಕೆ ಇದು ಎಚ್ಚರಿಕೆಯೂ ಹೌದು.

ಪೈಥಾನ್ ಸಮುದಾಯವು 2017ರ 545ನೆಯ ಪ್ರಸ್ತಾವದಲ್ಲಿ ಅನುವಾದಗಳಿಗೆ ಒಂದು ಕ್ರಮವನ್ನು ಗೊತ್ತುಪಡಿಸಿತು. ಭಾಷೆಗಳ ಪಟ್ಟಿಯಲ್ಲಿ ಹೊಸ ಭಾಷೆ ಕಾಣಿಸಿಕೊಳ್ಳಬೇಕಾದರೆ ಮೂರು ಭಾಗಗಳು ಪೂರ್ಣವಾಗಿ ಅನುವಾದಗೊಂಡಿರಬೇಕು: ಪ್ರವೇಶಪಾಠ, ಅಂತರ್ಗತ ಆದೇಶಗಳ ಪಟ್ಟಿ, ಮತ್ತು ದೋಷಗಳನ್ನು ವರದಿ ಮಾಡುವ ವಿಧಾನವನ್ನು ತಿಳಿಸುವ ಪುಟ. ಮೂರನೆಯದು ಮೇಲುನೋಟಕ್ಕೆ ಅಲ್ಪವೆನಿಸಬಹುದು. ಆದರೆ ಅನುವಾದದಲ್ಲಿ ತಪ್ಪು ಕಂಡ ಓದುಗನು ತನ್ನ ಭಾಷೆಯಲ್ಲಿಯೇ ಯಾರಿಗೆ ತಿಳಿಸಬೇಕೆಂಬುದು ಮೊದಲ ದಿನದಿಂದಲೇ ಗೊತ್ತಾಗಿರಬೇಕು ಎಂಬ ವಿವೇಕ ಇದರಲ್ಲಿದೆ. ಅನುವಾದವು ವಾಕ್ಯಖಂಡಗಳ ಜೋಡಿಗಳಾಗಿ ಸಂಗ್ರಹವಾಗುತ್ತದೆ. ಮೂಲವಾಕ್ಯ ಬದಲಾದೊಡನೆ ಅದರ ಅನುವಾದಕ್ಕೆ ‘ಅನಿಶ್ಚಿತ’ ಎಂಬ ಗುರುತು ಬೀಳುತ್ತದೆ. ಅನುವಾದಕನು ಮತ್ತೆ ನೋಡಿ ಒಪ್ಪುವವರೆಗೆ ಸಾಮಾನ್ಯವಾಗಿ ಮೂಲವಾಕ್ಯವೇ ಪ್ರಕಟವಾಗುತ್ತದೆ. ಹಳತಾದ ಅನುವಾದ ಸುಳ್ಳು ಹೇಳುವ ಬದಲು ಮೌನವಾಗುತ್ತದೆ.

ಕನ್ನಡದಲ್ಲಿ ಇಂತಹ ತಾಣವನ್ನು ರೂಪಿಸುವವರಿಗೆ ಇನ್ನೂ ಕೆಲವು ವಿಶಿಷ್ಟ ಪ್ರಶ್ನೆಗಳಿವೆ. ದಾಖಲೀಕರಣವನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ವಿರಳ. ಹುಡುಕಿ ಓದುವವರೇ ಹೆಚ್ಚು. ‘ಕಡತ’ ಎಂದು ಹುಡುಕಿದವನಿಗೆ ‘ಕಡತವನ್ನು’, ‘ಕಡತದಲ್ಲಿ’, ‘ಕಡತಗಳಿಗೆ’ ಎಂಬ ರೂಪಗಳಿರುವ ಪುಟಗಳೂ ದೊರೆಯಬೇಕು. ಪ್ರತ್ಯಯಗಳನ್ನು ಕಳಚಿ ಮೂಲರೂಪವನ್ನು ಗುರುತಿಸುವ ಸೌಲಭ್ಯ ಸ್ಫಿಂಕ್ಸ್‌ನ ಶೋಧವ್ಯವಸ್ಥೆಯಲ್ಲಿ ಇಂಗ್ಲಿಷ್, ಜರ್ಮನ್, ಫಿನ್ನಿಷ್ ಮೊದಲಾದ ಭಾಷೆಗಳಿಗಿದೆ. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ವಿಭಕ್ತಿ, ವಚನ ಮತ್ತು ಸಂಧಿಯ ನಿಯಮಗಳನ್ನು ಬಲ್ಲ ಕನ್ನಡ ಅಧ್ಯಯನ ವಿಭಾಗಗಳು ನೇರವಾಗಿ ನೆರವಾಗಬಹುದಾದ ಸ್ಥಳವಿದು.

ಲಿಪಿಯ ಮಟ್ಟದಲ್ಲಿಯೂ ತೊಡಕುಗಳಿವೆ. ‘ಪೈಥಾನ್‌ನಲ್ಲಿ’ ಎಂಬ ಪದದಲ್ಲಿ ಒತ್ತಕ್ಷರ ಮೂಡದಂತೆ ತಡೆಯಲು ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ಸೇರಿಸಲಾಗುತ್ತದೆ. ಆ ಚಿಹ್ನೆಯಿಲ್ಲದೆ ಟಂಕಿಸಿದ ಪದ ಗಣಕದ ದೃಷ್ಟಿಯಲ್ಲಿ ಬೇರೆಯೇ ಪದ. ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು, ನೋಟಕ್ಕೆ ಭೇದವಿಲ್ಲ. ಇವೆರಡನ್ನೂ ಸಮಾನವೆಂದು ಶಿಷ್ಟತೆ ಹೇಳುತ್ತದೆಯಾದರೂ, ಶೋಧವ್ಯವಸ್ಥೆ ಅವನ್ನು ಏಕರೂಪಕ್ಕೆ ತರದಿದ್ದರೆ ಫಲ ಸಿಗುವುದಿಲ್ಲ. ಯುನಿಕೋಡ್‌ಪೂರ್ವದ ಅಕ್ಷರಶೈಲಿ ಆಧಾರಿತ ಸಂಕೇತಗಳಲ್ಲಿ ಬರೆದಿಟ್ಟ ಹಳೆಯ ಕನ್ನಡ ಕೈಪಿಡಿಗಳನ್ನು ಮೊದಲು ಪರಿವರ್ತಿಸದೆ ಜಾಲತಾಣಕ್ಕೆ ಏರಿಸಿದರೆ ಅವು ಯಾರ ಹುಡುಕಾಟಕ್ಕೂ ಎಟುಕುವುದಿಲ್ಲ. ಪಾರಿಭಾಷಿಕ ಪದಗಳ ವಿಷಯವೂ ಹೀಗೆಯೇ. ‘ಫೈಲ್’ ಎನ್ನಬೇಕೋ ‘ಕಡತ’ ಎನ್ನಬೇಕೋ ಎಂಬ ವಿವಾದಕ್ಕಿಂತ, ಇಡೀ ತಾಣದಲ್ಲಿ ಒಂದೇ ಪದವನ್ನು ಬಳಸಿ, ಇನ್ನೊಂದನ್ನು ಹುಡುಕಿದವನನ್ನೂ ಅಲ್ಲಿಗೇ ಕರೆತರುವ ಪದಸೂಚಿಯನ್ನು ಒದಗಿಸುವುದು ಮುಖ್ಯ.

8. ಯೋಜನೆಯ ಕ್ರಮ

ಮೇಲಿನ ವಿವೇಚನೆಯ ಆಧಾರದ ಮೇಲೆ ಹೊಸ ದಾಖಲೀಕರಣ ತಾಣದ ಯೋಜನೆಗೆ ಈ ಕ್ರಮವನ್ನು ಸೂಚಿಸಬಹುದು.

ಒಂದು, ಇರುವುದರ ಗಣತಿ. ಈಗಾಗಲೇ ಚದುರಿರುವ ಪುಟಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದನ್ನೂ ಉಳಿಸುವುದೋ, ಪರಿಷ್ಕರಿಸುವುದೋ, ಇನ್ನೊಂದರಲ್ಲಿ ಸೇರಿಸುವುದೋ, ತೆಗೆಯುವುದೋ ಎಂದು ನಿರ್ಧರಿಸಬೇಕು. ತೆಗೆಯುವ ಧೈರ್ಯವಿಲ್ಲದ ಗಣತಿಯಿಂದ ಪ್ರಯೋಜನವಿಲ್ಲ.

ಎರಡು, ಓದುಗರ ಪ್ರಶ್ನೆಗಳ ಸಂಗ್ರಹ. ಬಳಕೆದಾರರು ನೆರವು ಕೋರಿ ಈವರೆಗೆ ಕೇಳಿರುವ ಪ್ರಶ್ನೆಗಳನ್ನು ನಾಲ್ಕು ಸಂದರ್ಭಗಳಿಗೆ ಹಂಚಿದರೆ, ಯಾವ ಬಗೆಯ ಪುಟ ಕಡಮೆಯಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಮೂರು, ಪಾಲಿಸಬಲ್ಲಷ್ಟೇ ರಚನೆ. ನೂರು ಪುಟಗಳ ಕನಸಿಗಿಂತ, ಪ್ರತಿ ಬಿಡುಗಡೆಯಲ್ಲಿಯೂ ಮರುಪರಿಶೀಲಿಸಬಲ್ಲ ಇಪ್ಪತ್ತು ಪುಟಗಳು ಮೇಲು. ಖಾಲಿ ಅಧ್ಯಾಯಗಳನ್ನು ‘ಶೀಘ್ರದಲ್ಲಿ’ ಎಂಬ ಫಲಕದೊಡನೆ ಇಡಬಾರದು.

ನಾಲ್ಕು, ವಿಳಾಸ ಮತ್ತು ಉಪಕರಣ. ಆವೃತ್ತಿಯೂ ಭಾಷೆಯೂ ವಿಳಾಸದಲ್ಲಿ ಮೊದಲಿನಿಂದಲೇ ಸೇರಿರಲಿ. ಹಳೆಯ ವಿಳಾಸಗಳು ಹೊಸದಕ್ಕೆ ಒಯ್ಯಲಿ. ತಪ್ಪು ಕಂಡವನು ತಿದ್ದಲು ಹತ್ತಬೇಕಾದ ಮೆಟ್ಟಿಲುಗಳು ಯಾವುದರಲ್ಲಿ ಕಡಮೆಯೋ ಅದೇ ಸೂಕ್ತ ಉಪಕರಣ.

ಐದು, ಪರವಾನಗಿ. ಮುಕ್ತ ತಂತ್ರಾಂಶಕ್ಕೆ ಮುಕ್ತ ಕೈಪಿಡಿಯೂ ಬೇಕೆಂದು ರಿಚರ್ಡ್ ಸ್ಟಾಲ್‌ಮನ್ ವಾದಿಸಿದ್ದರು. ತಂತ್ರಾಂಶವನ್ನು ಬದಲಿಸುವ ಹಕ್ಕಿದ್ದು ಅದರ ಕೈಪಿಡಿಯನ್ನು ಬದಲಿಸುವ ಹಕ್ಕಿಲ್ಲದಿದ್ದರೆ ಬದಲಾದ ತಂತ್ರಾಂಶಕ್ಕೆ ಸರಿಯಾದ ಕೈಪಿಡಿಯೇ ಇರುವುದಿಲ್ಲ. ಬರಹದ ಪರವಾನಗಿ ಉದಾಹರಣೆಗಳಲ್ಲಿನ ಸಂಕೇತಕ್ಕೆ ಹೊಂದದೇ ಇರಬಹುದು. ಪೈಥಾನ್ 3.8.6ರಿಂದ ದಾಖಲೀಕರಣದ ಉದಾಹರಣೆಗಳಿಗೆ ಹೆಚ್ಚುವರಿಯಾಗಿ ಇನ್ನೊಂದು ಅತ್ಯಂತ ಸಡಿಲವಾದ ಪರವಾನಗಿಯನ್ನೂ ಅನ್ವಯಿಸಲಾಗಿದೆ.

ಆರು, ಹೊಣೆಯ ಹೆಸರು. ಪ್ರತಿ ವಿಭಾಗಕ್ಕೂ ಪಾಲಕರೊಬ್ಬರ ಹೆಸರು, ಕೊನೆಯದಾಗಿ ಪರಿಶೀಲಿಸಿದ ಆವೃತ್ತಿ, ಪಾಲಕರು ಬಿಟ್ಟುಹೋದರೆ ಅನುಸರಿಸಬೇಕಾದ ನಿಯಮ ಇವು ದಾಖಲಾಗಿರಬೇಕು. ಗೊತ್ತಾದ ಅವಧಿಯಲ್ಲಿ ಯಾರೂ ನೋಡದ ಪುಟದ ತಲೆಯಲ್ಲಿ ಎಚ್ಚರಿಕೆ ಕಾಣಿಸಬೇಕು. ಅನಂತರವೂ ಯಾರೂ ಬಾರದಿದ್ದರೆ ಪುಟ ಹಿಂದೆ ಸರಿಯಬೇಕು.

9. ಉಪಸಂಹಾರ

ದಾಖಲೀಕರಣ ತಾಣಗಳು ಸೋಲುವುದಕ್ಕೆ ಬರಹದ ಕೊರತೆಯಾಗಲಿ, ವಿನ್ಯಾಸದ ಕೊರತೆಯಾಗಲಿ ಮುಖ್ಯ ಕಾರಣವಲ್ಲ. ಬರೆದವನು ಹೊರಟುಹೋದ ಮೇಲೆ ಬರಹವನ್ನು ನೋಡಿಕೊಳ್ಳುವ ಏರ್ಪಾಡು ಯೋಜನೆಯಲ್ಲಿಯೇ ಇಲ್ಲದಿರುವುದು ಕಾರಣ. ಪೈಥಾನ್ ಬರಹವನ್ನು ಆಕರ ಸಂಕೇತದ ಜೊತೆಗಿರಿಸಿತು. ಎಂಡಿಎನ್ ಪ್ರತಿ ತಿದ್ದುಪಡಿಗೂ ಪರಿಶೀಲಕನನ್ನು ಒದಗಿಸಿತು. ಅನುವಾದ ವ್ಯವಸ್ಥೆಯು ಹಳತಾದ ವಾಕ್ಯವನ್ನು ತಾನಾಗಿ ಮರೆಮಾಡಿತು. ಈ ಮೂರೂ ಭಿನ್ನ ಮಾರ್ಗಗಳಾದರೂ ಸಾಧಿಸುವುದು ಒಂದನ್ನೇ: ಬರಹವು ತನ್ನ ವಸ್ತುವಿನಿಂದ ದೂರ ಸರಿದುದನ್ನು ಯಾರಾದರೊಬ್ಬರು ಕಾಲಕ್ಕೆ ಸರಿಯಾಗಿ ತಿಳಿಯುವಂತೆ ಮಾಡುವುದು. 1971ರ ಕೈಪಿಡಿಯ ಪುಟದ ತುದಿಯಲ್ಲಿದ್ದ ‘ದೋಷಗಳು’ ಮತ್ತು ‘ಒಡೆಯ’ ಎಂಬ ಎರಡು ಶೀರ್ಷಿಕೆಗಳು ಮಾಡುತ್ತಿದ್ದುದೂ ಇದನ್ನೇ. ಕನ್ನಡದಲ್ಲಿ ಇಂತಹ ತಾಣಗಳನ್ನು ಕಟ್ಟಹೊರಡುವವರು ಮೊದಲ ಪುಟವನ್ನು ಬರೆಯುವ ಮುನ್ನ ಈ ಎರಡು ಶೀರ್ಷಿಕೆಗಳ ಕೆಳಗೆ ಏನು ಬರೆಯುವರೆಂಬುದನ್ನು ನಿಶ್ಚಯಿಸಿಕೊಳ್ಳುವುದು ಅವಶ್ಯಕ.